ಸಿಟ್ಟಿನ ಸೌದೆ

ಶಿವರಾತ್ರಿ ಕಳೆದ ವಾರ ನನ್ನ ಮಗಳ ಮದುವೆ ನಿಶ್ಚಯವಾಯಿತು. ಅದು ನನಗೆ ಮಾತ್ರ ಗೊತ್ತಿರಲಿಲ್ಲ.

ಬೆಳಿಗ್ಗೆ ಕೋರ್ಟಿಗೆ ಹೊರಡಲು ಕರಿ ಕೋಟು ಹುಡುಕುತ್ತಿದ್ದೆ. ಬಾಗಿಲಲ್ಲಿ ಅಡಿಗೆ ಮಾದಪ್ಪ ನಿಂತಿದ್ದ. ಹುಣಸೂರಿನ ಸುತ್ತಮುತ್ತ ಎಲ್ಲಿ ಮದುವೆಯಾದರೂ ಕೊಪ್ಪರಿಗೆ, ಸೌಟು ಸಮೇತ ಬರುವವನು ಇವನೇ. ಮದುವೆಯಿಲ್ಲದ ಮನೆಗೆ ಅವನು ಸುಮ್ಮನೆ ಬಂದದ್ದನ್ನು ಯಾರೂ ಕಂಡಿಲ್ಲ.

"ತಾರೀಕು ಯಾವತ್ತು ಲಾಯರ್ರೇ?" ಅಂದ.

"ಯಾವ ಕೇಸಿಂದು?" ಅಂದೆ.

"ಕೇಸಲ್ಲ ಸ್ವಾಮಿ, ನಮ್ಮ ಸುಸೀಲಮ್ಮನ ಮದ್ವೆ. ಊರ್ಗೆಲ್ಲಾ ಗೊತ್ತಾಗೈತೆ, ನೀವು ನಂಗೆ ಮಾತ್ರ ಏಳ್ಲಿಲ್ಲ."

ಸುಶೀಲ ನನ್ನ ಒಬ್ಬಳೇ ಮಗಳು. ಒಳಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ಅಲ್ಲೇ ನಿಂತಿತು.

"ನಿನಗೆ ಯಾರು ಹೇಳಿದ್ದು?" ಅಂದೆ.

"ಯಾರಾನ ಏಳಬೇಕಾ? ಕಣ್ಣಿಗೆ ಕಾಣಾಕಿಲ್ವಾ?" ಅಂತ ಮನೆಯ ಪಕ್ಕಕ್ಕೆ ಕೈ ತೋರಿಸಿದ.

ಅಲ್ಲಿ ಸೌದೆ ಇತ್ತು. ಹಿತ್ತಿಲ ಗೋಡೆಯಿಂದ ರಸ್ತೆ ಬೇಲಿಯವರೆಗೆ, ಆಳೆತ್ತರ, ಸೀಳಿ ಒಣಗಿಸಿ ನೇರವಾಗಿ ಒಟ್ಟಿದ ಸೌದೆ. ಮಾದಪ್ಪ ಹತ್ತಿರ ಹೋಗಿ ಒಂದು ಸೀಳು ಎಳೆದು, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. "ಚೆಂದಾಗಿ ಒಣಗೈತೆ. ಚಪ್ಪರದ ದಿನಕ್ಕಾಯ್ತು, ಧಾರೆ ಊಟಕ್ಕಾಯ್ತು, ಬೀಗರೂಟಕ್ಕೂ ಉಳೀತದೆ" ಎಂದು ಲೆಕ್ಕ ಮುಗಿಸಿ, ತಾರೀಕು ಗೊತ್ತಾದ ಕೂಡಲೇ ಹೇಳಿಕಳಿಸಿ ಎಂದು ಹೊರಟುಹೋದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಸೀಮೆಯ ಓದುಗರಿಗಾಗಿ ಹೇಳುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹಳ್ಳಿಗಳಲ್ಲಿ ಮದುವೆ ಗೊತ್ತಾದ ಮನೆಗೆ ಲಗ್ನಪತ್ರಿಕೆಗಿಂತ ಮೊದಲು ಬರುವುದು ಸೌದೆ. ನೆಂಟರು, ದಾಯಾದಿಗಳು ಸೇರಿ ಮರ ಉರುಳಿಸಿ, ಸೀಳಿ, ಬೇಸಿಗೆಯ ಬಿಸಿಲಿಗೆ ಒಟ್ಟುತ್ತಾರೆ. ವಯಸ್ಸಿಗೆ ಬಂದ ಹೆಣ್ಣಿರುವ ಮನೆಯ ಪಕ್ಕದಲ್ಲಿ ಆಳೆತ್ತರ ಸೌದೆ ಕಂಡರೆ ಮುಗಿಯಿತು. ಹುಡುಗ ಯಾರು, ತಾರೀಕು ಯಾವತ್ತು, ಈ ಎರಡೇ ಪ್ರಶ್ನೆ.

ದಿನಾ ಆ ಸೌದೆಯ ಪಕ್ಕದಲ್ಲೇ ಓಡಾಡುವ ನನಗೆ ಇದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಅದು ಮದುವೆಯ ಸೌದೆ ಅಲ್ಲವೇ ಅಲ್ಲ. ಅದು ನನ್ನ ಸಿಟ್ಟು.

ನನ್ನ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ. (ಟೆಂಟ್ ಸಿನಿಮಾದವರ ಮೈಕಿನ ಬಗ್ಗೆ ನಾನು ಬರೆದದ್ದನ್ನು ಕೆಲವರು ಇನ್ನೂ ಮರೆತಿಲ್ಲ.) ಇದು ವಂಶದಿಂದ ಬಂದದ್ದು. ನಮ್ಮಪ್ಪ ಹೊಲದಲ್ಲಿ ಗಂಟಲು ಸರಿಮಾಡಿಕೊಂಡರೆ ಸಾಕು, ಎತ್ತುಗಳು ತಾವಾಗಿಯೇ ಬಂದು ನೊಗಕ್ಕೆ ಕತ್ತು ಕೊಡುತ್ತಿದ್ದವಂತೆ. ನನಗೂ ದೊಡ್ಡ ಕಾರಣ ಬೇಡ. ಚಪ್ಪಲಿ ಬಿಟ್ಟ ಜಾಗದಲ್ಲಿ ಇರದಿದ್ದರೆ ಸಿಟ್ಟು. ಎದುರು ಪಾರ್ಟಿಯ ವಕೀಲ ವಾಯಿದೆ ಕೇಳಿದರೆ ಸಿಟ್ಟು, ಜಡ್ಜು ಕೊಟ್ಟರೆ ಇನ್ನೂ ಸಿಟ್ಟು. ಡಾಕ್ಟರು ಬಿ.ಪಿ. ನೋಡಿ, ಸಿಟ್ಟು ಬಂದಾಗ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದರು. ಎಳೆದುಕೊಂಡೆ. ಗಾಳಿ ತುಂಬಿದ್ದರಿಂದ ಬೈಗುಳ ಇನ್ನೂ ದೂರಕ್ಕೆ ಕೇಳಿಸಿತು.

ಇದೆಲ್ಲ ನಕ್ಕು ಬಿಡುವ ವಿಷಯ. ನಕ್ಕು ಬಿಡಲಾಗದ್ದು ಒಂದಿದೆ.

ಎರಡು ವರ್ಷದ ಹಿಂದೆ ಸುಶೀಲಳನ್ನು ನೋಡಲು ಮೈಸೂರಿನ ಕಡೆಯಿಂದ ಒಂದು ಮನೆತನದವರು ಕಾರು ಮಾಡಿಕೊಂಡು ಬಂದಿದ್ದರು. ಉಪ್ಪಿಟ್ಟು, ಕಾಫಿ ಎಲ್ಲ ಆಯಿತು. ಹುಡುಗನ ದೊಡ್ಡಪ್ಪ ಹಲ್ಲು ಚುಚ್ಚಿಕೊಳ್ಳುತ್ತ, "ಹೆಣ್ಣು ಸ್ವಲ್ಪ ಕಪ್ಪೇ. ಒಂದು ಸ್ಕೂಟರ್ ಕೊಡ್ಸಿ, ನಾನು ಒಪ್ಪಿಸ್ತೀನಿ" ಅಂದರು. ಎಲೆ ಅಡಿಕೆ ಇಟ್ಟಿದ್ದ ಹಿತ್ತಾಳೆ ತಟ್ಟೆ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಅದು ಅಂಗಳದಲ್ಲಿ ಬಿದ್ದು, ಉರುಳಿ, ಸದ್ದು ನಿಲ್ಲಿಸುವಷ್ಟರಲ್ಲಿ ಅವರ ಕಾರು ಹೊರಟಿತ್ತು.

ಸುದ್ದಿ ಕಾರಿಗಿಂತ ಬೇಗ ಹೋಯಿತು. ಆಮೇಲೆ ಹೆಣ್ಣು ಕೇಳಿಕೊಂಡು ನಮ್ಮ ಮನೆಗೆ ಯಾರೂ ಬರಲಿಲ್ಲ. ಸುಶೀಲ ನನ್ನನ್ನು ಏನೂ ಅನ್ನಲಿಲ್ಲ. ಒಂದು ದಿನ ಮಾತ್ರ, ಆ ತಟ್ಟೆಯ ನೆಗ್ಗನ್ನು ಗುಂಡುಕಲ್ಲಿನಿಂದ ಬಡಿದು ಸರಿ ಮಾಡುತ್ತ ಕೂತಿದ್ದವಳು, "ಅಪ್ಪ, ನೀವು ಸಿಟ್ಟಾಗಿದ್ದು ಸರೀನೇ. ತಟ್ಟೆ ಎಸೆದಿದ್ದು ಮಾತ್ರ ಬೇಡಾಗಿತ್ತು" ಅಂದಳು. ಅಷ್ಟು ಚಿಕ್ಕದಾಗಿ, ಅಷ್ಟು ಸರಿಯಾಗಿ ತೀರ್ಪು ಹೇಳಿದ್ದನ್ನು ನಾನು ಯಾವ ಕೋರ್ಟಿನಲ್ಲೂ ಕೇಳಿಲ್ಲ. ಆವತ್ತು ನನಗೆ ತುಂಬಾ ನಾಚಿಕೆಯಾಯಿತು.

ನನ್ನ ಸಿಟ್ಟು ಸೌದೆಯಾದದ್ದು ಹಾಲಪ್ಪ ಎಂಬವನಿಂದ. ಬೈಲುಕುಪ್ಪೆಯ ಟಿಬೆಟಿನವರ ಕ್ಯಾಂಪಿನಲ್ಲಿ ಮನೆ ಕಟ್ಟುವ ಕೆಲಸಕ್ಕೆಂದು ನಾರ್ವೆ ದೇಶದಿಂದ ಬಂದಿದ್ದ ಬಡಗಿ ಅವನು. ಹೆಸರು ಹಾಲ್ವರ್. ಅಲ್ಲೇ ಪಕ್ಕದ ಕೊಪ್ಪದ ಸಂತೆಯವರಿಗೆ ಅಷ್ಟೆಲ್ಲ ಪುರಸೊತ್ತಿಲ್ಲ, ಹಾಲಪ್ಪ ಮಾಡಿಕೊಂಡಿದ್ದರು. ಬಗ್ಗದೆ ಯಾವ ಬಾಗಿಲನ್ನೂ ದಾಟಲಾರದ ಎತ್ತರ, ಮುಸುಕಿನ ಜೋಳದ ಕೂದಲಿನ ಬಣ್ಣದ ಗಡ್ಡ. ಕನ್ನಡವನ್ನು ಸಂತೆಯಲ್ಲೇ ಕಲಿತದ್ದರಿಂದ ಚೌಕಾಸಿ ಮಾಡುವಷ್ಟು ಚೆನ್ನಾಗಿ ಬರುತ್ತಿತ್ತು.

ಹೋದ ವರ್ಷ ಒಂದು ಜಮೀನಿನ ಕೇಸಿಗಾಗಿ ಸ್ಥಳ ನೋಡಲು ಹೋದವನು ಕೊಪ್ಪದ ಹೋಟೆಲಿನಲ್ಲಿ ಟೀ ಕೇಳಿದೆ. ಆರಿದ ಟೀ ಬಂತು. ನಾನು ಶುರು ಮಾಡಿದೆ. ಹೋಟೆಲಿನ ಮಲಯಾಳಿ ಕಾಕ "ಸಾರೇ, ಸಾರೇ" ಅನ್ನುತ್ತ ಬೇರೆ ಟೀ ತಂದಿಟ್ಟರೂ ನನ್ನ ಭಾಷಣ ನಿಲ್ಲಲಿಲ್ಲ. ಅದೇ ಬೆಂಚಿನ ಮೇಲೆ ಬನ್ನು ತಿನ್ನುತ್ತ ಕೂತಿದ್ದ ಹಾಲಪ್ಪ ನಾನು ಮುಗಿಸುವ ತನಕ ಕಾದು, ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದ: "ನಿಮ್ಮ ಮನೆಯಲ್ಲಿ ಸೌದೆ ಯಾರು ಒಡೆಯುತ್ತಾರೆ?"

"ಆಳು," ಅಂದೆ.

"ತೊಂದರೆ ಇರುವುದೇ ಅಲ್ಲಿ," ಅಂದ.

ಸಿಟ್ಟು ಬರಬೇಕಿತ್ತು. ಕುತೂಹಲ ಬಂತು. ಎರಡನೇ ಟೀ ಕೂಡ ಆರುವ ತನಕ ಅವನ ಕಥೆ ಕೇಳಿದೆ.

ಅವನ ಅಜ್ಜನ ಊರು ಸಮುದ್ರದ ದಂಡೆಯಲ್ಲಿದೆ. ಚಳಿಗಾಲದಲ್ಲಿ ಮೊಮ್ಮಕ್ಕಳನ್ನು ಒಲೆಯ ಮುಂದೆ ಕೂರಿಸಿಕೊಂಡು ಅಜ್ಜ ಆ ದೇಶದ ಹಳೇ ಕಾಲದ ಯೋಧರ ಕಥೆ ಹೇಳುತ್ತಿದ್ದರಂತೆ. ಉದ್ದನೆಯ ದೋಣಿ, ಕೈಯಲ್ಲಿ ಕೊಡಲಿ, ದುಂಡನೆಯ ಗುರಾಣಿ. ಅವರಲ್ಲಿ ಎರಡು ಬಗೆಯವರು. ಮೊದಲನೆಯವನಿಗೆ ಸಿಟ್ಟು ನೆತ್ತಿಗೇರಿದರೆ ತನ್ನ ಗುರಾಣಿಯ ಅಂಚನ್ನೇ ಕಚ್ಚುತ್ತಾನೆ, ಊಳಿಡುತ್ತಾನೆ, ಸಾಲು ಬಿಟ್ಟು ಮುಂದಕ್ಕೆ ಹಾರುತ್ತಾನೆ. ಕಥೆಯಲ್ಲಿ ಇವನು ಬಲು ಚೆಂದ. ಯುದ್ಧದಲ್ಲಿ ಇವನ ಪಕ್ಕ ನಿಲ್ಲಲು ಮಾತ್ರ ಯಾರೂ ಒಪ್ಪುತ್ತಿರಲಿಲ್ಲವಂತೆ. ಯಾಕೆ? ಯೋಧರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಎಡಗೈಯ ಗುರಾಣಿ ಅರ್ಧ ತನ್ನನ್ನು ಕಾಯುತ್ತಿತ್ತು, ಇನ್ನರ್ಧ ಎಡಗಡೆ ನಿಂತವನನ್ನು. ಒಬ್ಬ ಸಿಟ್ಟಿನಲ್ಲಿ ಮುಂದಕ್ಕೆ ಹಾರಿದರೆ ಮೊದಲು ಏಟು ಬೀಳುವುದು ಅವನಿಗಲ್ಲ, ಎಡಗಡೆಯವನಿಗೆ.

"ಎರಡನೆಯವನಿಗೂ ಅಷ್ಟೇ ಸಿಟ್ಟು ಇರುತ್ತದೆ," ಅಂದ ಹಾಲಪ್ಪ. "ಅವನು ಕಾಲು ಕದಲಿಸುವುದಿಲ್ಲ. ನಮ್ಮಜ್ಜ ದೊಡ್ಡ ಯೋಧ ಅನ್ನುತ್ತಿದ್ದುದು ಇವನನ್ನು."

ನನ್ನ ಕೈಯ ಗ್ಲಾಸು ಕೈಯಲ್ಲೇ ಉಳಿಯಿತು. ಆವತ್ತು ನಾನು ತಟ್ಟೆ ಎಸೆದದ್ದು ಹಲ್ಲು ಚುಚ್ಚಿಕೊಳ್ಳುತ್ತಿದ್ದ ಆ ದೊಡ್ಡಪ್ಪನ ಕಡೆಗೆ. ಅವರಿಗೇನಾಯಿತು? ಕಾರು ಹತ್ತಿ ಇನ್ನೊಂದು ಹೆಣ್ಣು ನೋಡಲು ಹೋದರು. ನನ್ನ ಎಡಗಡೆ ಖಾಲಿ ಲೋಟಗಳನ್ನು ಹಿಡಿದು ನಿಂತಿದ್ದವಳು ಸುಶೀಲ.

"ಈಗ ನನಗೆ ಯುದ್ಧ ಎಲ್ಲಿದೆ?" ಎಂದು ಕೇಳಿದೆ.

"ಯುದ್ಧ ಇಲ್ಲ. ಕೊಡಲಿ ಇದೆ," ಅಂದ. ಅವನ ಅಜ್ಜನ ಮನೆಯಲ್ಲಿ ಒಂದು ಕಾಯಿದೆಯಿತ್ತಂತೆ. ಸಿಟ್ಟು ಬಂದವರು, ಗಂಡಾಗಲಿ ಹೆಣ್ಣಾಗಲಿ, ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿ ಸೌದೆ ಒಡೆಯಬೇಕು. ಒಡೆದದ್ದನ್ನು ನೇರವಾಗಿ ಒಟ್ಟಬೇಕು. ಸಾಲು ವಾಲಿದರೆ ಸಿಟ್ಟು ಇನ್ನೂ ಇಳಿದಿಲ್ಲ ಎಂದರ್ಥ, ಕೆಡವಿ ಮತ್ತೆ ಒಟ್ಟಬೇಕು. ಆಮೇಲೆ ಒಳಗೆ ಬಂದು, ಹೇಳಬೇಕಾದ್ದನ್ನು ಹೇಳಬೇಕು. ನುಂಗಿಕೊಳ್ಳುವ ಹಾಗಿಲ್ಲ. ಕೊನೆಗೆ ಇದನ್ನೆಲ್ಲ ಸಂತೆ ಕನ್ನಡದಲ್ಲಿ ಹೀಗೆ ಮುಗಿಸಿದ: "ಸಿಟ್ಟು ಒಳ್ಳೇದು. ಸಿಟ್ಟುಗೆ ಕೆಲ್ಸ ಇಲ್ಲ, ಆವಾಗ ಕೆಟ್ಟದು."

ಮಾರನೇ ವಾರವೇ ಹುಣಸೂರಿನ ಮರದ ಡಿಪೋದಿಂದ ಒಂದು ಗಾಡಿ ದಿಮ್ಮಿ ತರಿಸಿದೆ. ನನ್ನ ಹೆಂಡತಿ ಜಯಮ್ಮ ಭೇರ್ಯದವಳು, ಒಕ್ಕಲು ಮನೆಯ ಹೆಣ್ಣು, ಕೆಲಸದ ಕೈ ಯಾವುದು, ಅಲ್ಲದ್ದು ಯಾವುದು ಎಂದು ನೋಡಿದೊಡನೆ ಹೇಳಬಲ್ಲಳು. ನಾನು ಕೊಡಲಿ ಹಿಡಿದದ್ದನ್ನು ನೋಡಿ, "ಏನ್ರೀ, ಮೈ ಉಸಾರಿಲ್ವಾ?" ಅಂತ ಹಣೆ ಮುಟ್ಟಿ ನೋಡಿದಳು.

ಮೊದಲ ದಿನ ಕೊಡಲಿ ದಿಮ್ಮಿಯಲ್ಲಿ ಸಿಕ್ಕಿಕೊಂಡು ದಿಮ್ಮಿಯೇ ಮೇಲೆದ್ದು ಬಂತು. ಎರಡನೇ ದಿನ ಒಂದು ಸೀಳು ಹಾರಿ ಪಕ್ಕದ ಮನೆಯ ಹಪ್ಪಳದ ಮೇಲೆ ಬಿತ್ತು. ಆದರೂ ಒಡೆಯುವುದು ಸುಲಭವೇ, ಅಲ್ಲಿ ಸಿಟ್ಟೇ ಅರ್ಧ ಕೆಲಸ ಮಾಡುತ್ತದೆ. ಒಟ್ಟುವುದಕ್ಕೆ ಸಿಟ್ಟು ಉಪಯೋಗವಿಲ್ಲ. ದಪ್ಪದ್ದು ಕೆಳಗೆ ಬರಬೇಕು, ಗಾಳಿಯಾಡಲು ಸಂದಿ ಬಿಡಬೇಕು, ಎರಡು ತುದಿಯಲ್ಲೂ ಅಡ್ಡ ಉದ್ದ ಜೋಡಿಸಿ ಬಿಗಿ ಮಾಡಬೇಕು. ಒಂದು ಭಾನುವಾರ ಹಾಲಪ್ಪ ಜೀಪಿನಲ್ಲಿ ಬಂದ. ನನ್ನ ಮೊದಲ ರಾಶಿಯನ್ನು ತಲೆ ವಾಲಿಸಿ ನೋಡಿ, "ಇದು ಗುರಾಣಿ ಕಚ್ಚಿದವನು ಒಟ್ಟಿದ್ದು" ಅಂದು, ಕಾಲಿನಲ್ಲಿ ಮೆಲ್ಲಗೆ ತಳ್ಳಿದ. ಪೂರಾ ಉರುಳಿತು. ನನಗೆ ಕೆಟ್ಟ ಸಿಟ್ಟು ಬಂತು. ಇನ್ನಷ್ಟು ಒಡೆಯಬೇಕಾಯಿತು.

ಬರಬರುತ್ತ ಕೈ ಕುದುರಿತು. ವಾಯಿದೆ ಬಿದ್ದ ಸಂಜೆ ಕೋಟು ತೂಗುಹಾಕಿ, ಪಂಚೆ ಎತ್ತಿ ಕಟ್ಟಿ ಹಿತ್ತಿಲಿಗೆ ಹೋಗುತ್ತಿದ್ದೆ. ಒಟ್ಟಿ ಮುಗಿಸುವ ಹೊತ್ತಿಗೆ, ಆಡಬೇಕೆಂದಿದ್ದ ಮಾತಿನಲ್ಲಿ ಅರ್ಧ ಬೇಡವೆನ್ನಿಸುತ್ತಿತ್ತು. ಉಳಿದರ್ಧವನ್ನು ನಿಧಾನವಾಗಿ ಹೇಳಿದರೆ, ಆಶ್ಚರ್ಯ, ಜನ ಕೇಳಿಸಿಕೊಳ್ಳುತ್ತಿದ್ದರು. ಜಯಮ್ಮನಿಗೆ ಮಾತ್ರ ಇದು ಅಷ್ಟಾಗಿ ಹಿಡಿಸಲಿಲ್ಲ. "ಮೊದ್ಲು ಒಂದ್ಸಲ ಕೂಗಾಡಿ ಸುಮ್ಕಾಗೋರು. ಈಗ ಸೌದೆ ಒಟ್ಬುಟ್ಟು ಬಂದು ಪಾಯಿಂಟ್ ಪಾಯಿಂಟಾಗಿ ಏಳ್ತೀರಿ, ನಂಗೆ ಬಾಯಿ ಬುಡಾಕೇ ಜಾಗ ಇಲ್ಲ" ಅಂದಳು. ಬಿ.ಪಿ. ಇಳಿದದ್ದನ್ನು ನೋಡಿ ಡಾಕ್ಟರು ಬೀಗಿದರು. (ಅವರ ಪ್ರಕಾರ ಅದು ಉಸಿರಾಟದ ಮಹಿಮೆ. ನಾನೂ ಏನೂ ಹೇಳಲಿಲ್ಲ.)

ಯೋಚಿಸದೆ ಬಿಟ್ಟ ಸಂಗತಿ ಒಂದೇ. ಮೂರು ಜನರ ಮನೆ, ಒಂದು ಒಲೆ. ವಕೀಲನ ಒಂದು ವರ್ಷದ ಸಿಟ್ಟನ್ನು ಉರಿಸಿ ಮುಗಿಸುವುದು ಎಲ್ಲಿ ಸಾಧ್ಯ? ರಾಶಿ ಹಿತ್ತಿಲು ದಾಟಿತು, ಮನೆಯ ಪಕ್ಕಕ್ಕೆ ಬಂತು, ಕೊನೆಗೆ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬಿತ್ತು.

ಮಾದಪ್ಪ ಬಂದುಹೋದ ದಿನವೇ ಮಧ್ಯಾಹ್ನ ನನ್ನ ಬಾಮೈದ ಪುಟ್ಟಸ್ವಾಮಿ ಭೇರ್ಯದಿಂದ ಬಸ್ಸಿನಲ್ಲಿ ಬಂದಿಳಿದ. ಅವನ ಮುಖ ನೋಡಿದಾಗಲೇ ಏನೋ ಕೆಟ್ಟಿದೆ ಎಂದು ಗೊತ್ತಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಎರಡು ವರ್ಷದ ನಂತರ ಸುಶೀಲಳಿಗೆ ಒಂದು ಸಂಬಂಧ ಬಂದಿತ್ತು. ಹಂಪಾಪುರದ ಚಿಕ್ಕೇಗೌಡರ ದೊಡ್ಡ ಮಗ ಮಹದೇವ, ಬಿ.ಎ. ಓದಿ ಹೊಲ ಗದ್ದೆ ನೋಡಿಕೊಂಡಿದ್ದ. ಕೆ.ಆರ್. ನಗರದಲ್ಲಿ ನೆಂಟರ ಮದುವೆಯಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದರು. ಏನನ್ನಿಸಿತು ಎಂದು ಅಮ್ಮ ಕೇಳಿದ್ದಕ್ಕೆ ಸುಶೀಲ "ಆಗ್ಬೋದು" ಅಂದಿದ್ದಳಂತೆ. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಮುಂದಿನ ಶುಕ್ರವಾರ ಅವರು ಶಾಸ್ತ್ರಕ್ಕೆ ಹೆಣ್ಣು ನೋಡಲು ಬರುವುದೆಂದು ಮಾತಾಗಿತ್ತು. ನಡುವೆ ನಿಂತು ಮಾತಾಡಿದವನು ಈ ಪುಟ್ಟಸ್ವಾಮಿಯೇ.

"ಭಾವ, ಕೆಟ್ಟೋಯ್ತು," ಅಂದ. "ಲಾಯರ್ ಮನೇಲಿ ಸೌದೆ ಒಟ್ಟವ್ರೆ, ಎಣ್ಣು ಬ್ಯಾರೆ ಕಡೆ ನಿಸ್ಚಯ ಆಗೋಗೈತೆ ಅಂತ ಅಂಪಾಪುರಕ್ಕೆ ಸುದ್ದಿ ಓಗದೆ. ಮಾತು ಕೊಟ್ಟು ಇಂಗೆ ಮಾಡವ್ರೆ, ನಾವು ಬರಾಕಿಲ್ಲ ಅಂದ್ಬುಟ್ರು ಚಿಕ್ಕೇಗೌಡ್ರು."

"ಅದು ಮದುವೆ ಸೌದೆ ಅಲ್ಲ, ನಮ್ಮ ಭಾವ ಸಿಟ್ಟಿಗೆ ಒಡೆದದ್ದು ಅಂತ ಹೇಳಬಾರದಾಗಿತ್ತೇ?"

"ಎಂಗ್ ಏಳ್ಳಿ ಭಾವ? ತಟ್ಟೆ ಇಸ್ಯ ಅವ್ರ ಕಿವಿಗೆ ಬೀಳ್ದೇ ಇರ್ಲಿ ಅಂತ, ನಮ್ಮ ಭಾವ ಅಸ ಇದ್ದಂಗೆ, ಬಾಯಲ್ಲಿ ಜೋರಾಗಿ ಒಂದು ಮಾತು ಬರಾಕಿಲ್ಲ ಅಂತ ಏಳಿವ್ನಿ. ಈಗ ಆ ಅಸ ಆಳೆತ್ತರ ಸಿಟ್ಟು ಒಟ್ಟೈತೆ ಅಂತ ಏಳ್ಳಾ?"

ಬಾಯಿ ಮುಚ್ಚಿಕೊಂಡಿದ್ದರೆ ಮಾತು ತಪ್ಪಿದ ಮನೆ. ಬಾಯಿ ಬಿಟ್ಟರೆ ತಟ್ಟೆ ಎಸೆಯುವ ಬೀಗ. ವಕೀಲಿಕೆಯಲ್ಲಿ ಇಷ್ಟು ವರ್ಷ ಕಳೆದರೂ ಎರಡು ಕಡೆಯಿಂದಲೂ ಸೋಲುವ ಕೇಸು ನನಗೆ ಬಂದಿರಲಿಲ್ಲ. ಸುಶೀಲ ಅಡಿಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮಾವನಿಗೆ ಕುಡಿಯಲು ನೀರು ತಂದಿಟ್ಟು ಮತ್ತೆ ಒಳಗೆ ಹೋದಳು.

ನನಗೆ ಸಿಟ್ಟು ಬಂತು. ಮಾದಪ್ಪನ ಮೇಲೆ, ಊರಿನ ಮೇಲೆ, ರಸ್ತೆಯಲ್ಲಿ ಕತ್ತು ಉದ್ದ ಮಾಡಿ ನೋಡುವವರೆಲ್ಲರ ಮೇಲೆ. ಎದ್ದು ಹಿತ್ತಿಲಿಗೆ ಹೋಗಿ ಕೊಡಲಿಗೆ ಕೈ ಹಾಕಿದೆ. ಜಯಮ್ಮ ಹಿಂದೆಯೇ ಬಂದಳು.

"ಬುಡ್ರೀ ಅದನ್ನ," ಅಂದಳು. "ಇನ್ನೊಂದು ಸೀಳು ಬಿದ್ರೆ ನಾಳೆ ವಾಲಗದೋರು ಬತ್ತಾರೆ."

ಹೀಗೆ ಸಿಟ್ಟಿಗೆ ಇದ್ದ ಒಂದು ದಾರಿಯೂ ಮುಚ್ಚಿತು. ಕೊಡಲಿ ಕೆಳಗಿಟ್ಟು ಸುಮ್ಮನೆ ನಿಂತೆ. ಆ ನಾರ್ವೆಯ ಎರಡನೇ ಯೋಧ ಕಾಲು ಕದಲಿಸದೆ ನಿಲ್ಲುತ್ತಿದ್ದ ಎಂದು ಹೇಳಿದ ಹಾಲಪ್ಪ, ನಿಂತಾಗ ಎದೆಯಲ್ಲಿ ಹೇಗಾಗುತ್ತಿತ್ತು ಎಂಬುದನ್ನು ಹೇಳಿರಲಿಲ್ಲ. ಒಂದಷ್ಟು ಹೊತ್ತಾದ ಮೇಲೆ ಒಳಗೆ ಬಂದು ಪುಟ್ಟಸ್ವಾಮಿಗೆ ಹೇಳಿದೆ: "ನಾಳೆ ಹಂಪಾಪುರಕ್ಕೆ ಹೋಗೋಣ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಹೊರಡುವಾಗ ಸುಶೀಲ ಬಾಗಿಲ ತನಕ ಬಂದಳು. "ಅಪ್ಪ, ಅಲ್ಲಿ ತಟ್ಟೆ ಗಿಟ್ಟೆ ಇದ್ರೆ ಸ್ವಲ್ಪ ದೂರ ಕೂತ್ಕೊಳಿ" ಅಂದಳು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಾಯಿಸಿ ಹಂಪಾಪುರ ತಲುಪಿದೆವು. ಚಿಕ್ಕೇಗೌಡರು ಜಗಲಿಯ ಮೇಲೆ ಕೂತಿದ್ದರು. ದಪ್ಪ ಕತ್ತು, ಮುದುರಿದ ಕಿವಿ, ಪ್ರಾಯದಲ್ಲಿ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡ ಮೈ. ಕುಡಿಯಲು ನೀರು ಬಂತು. ಕಾಫಿಯ ಮಾತು ಬರಲಿಲ್ಲ. ಮಹದೇವ ಕಂಬದ ಪಕ್ಕ ತಲೆ ತಗ್ಗಿಸಿ ನಿಂತಿದ್ದ.

ನಾನು ಬಾಯಿ ತೆರೆಯುವ ಮುಂಚೆ ಗೌಡರೇ ಶುರು ಮಾಡಿದರು. "ಲಾಯರ್ ಮನೆ ಅಲ್ವಾ? ಎಲ್ಡು ಪಾರ್ಟಿ ಕೈಲೂ ಅರ್ಜಿ ಈಸ್ಕೊಂಡು, ಯಾವ್ದು ಲಾಭವೋ ಅದ್ನ ಮಡೀಕತೀರಿ."

ನನ್ನ ಕಿವಿ ಬಿಸಿಯಾಯಿತು. ನನ್ನ ಮಗಳ ಮಾತು ಬಂದಲ್ಲಿ ಅರ್ಜಿಯಂತೆ, ಲಾಭವಂತೆ. ನೀರು ಕುಡಿದಿಟ್ಟ ಹಿತ್ತಾಳೆ ಚೊಂಬು ಕೈಗೆಟಕುವ ಹಾಗೇ ಇತ್ತು. ಪುಟ್ಟಸ್ವಾಮಿ ಅದನ್ನು ಮೆತ್ತಗೆ ಆಚೆ ಸರಿಸಿದ. ಅಂಗಳದ ಕಡೆ ನೋಡಿದೆ. ಅಲ್ಲಿ ಸೀಳದೆ ಬಿದ್ದಿದ್ದ ದಿಮ್ಮಿಗಳು, ಒಂದಕ್ಕೆ ಒರಗಿಸಿಟ್ಟ ಕೊಡಲಿ.

"ಗೌಡ್ರೇ," ಅಂದೆ, "ಆ ಕೊಡಲಿ ಸ್ವಲ್ಪ ತಗೋಬಹುದಾ?"

ಪುಟ್ಟಸ್ವಾಮಿ ಕಂಬ ಹಿಡಿದುಕೊಂಡ. ಒಳಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಕ್ಕಳಿ" ಅಂದರು. ಆ ಮನುಷ್ಯನಿಗೆ ಭಯ ಅನ್ನುವುದೇ ಇರಲಿಲ್ಲ.

ಷರಟಿನ ತೋಳು ಮಡಚಿ ಅಂಗಳಕ್ಕೆ ಇಳಿದೆ. ಹಂಪಾಪುರದ ಮರ ನಮ್ಮ ಡಿಪೋ ಮರಕ್ಕಿಂತ ಗಟ್ಟಿ. ನನ್ನ ಸಿಟ್ಟೂ ಆವತ್ತು ಗಟ್ಟಿಯಾಗಿಯೇ ಇತ್ತು. ಒಡೆದೆ. ಬೀದಿಯಲ್ಲಿ ಹೋಗುತ್ತಿದ್ದವರು ಬೇಲಿಯ ಹತ್ತಿರ ನಿಂತರು. ಹೆಣ್ಣಿನ ತಂದೆ ಬೀಗರ ಅಂಗಳದಲ್ಲಿ ಸೌದೆ ಒಡೆಯುವುದು ಯಾವ ಶಾಸ್ತ್ರ ಎಂದು ಅವರಿಗೆ ತಿಳಿದಂತಿರಲಿಲ್ಲ. ದಿಮ್ಮಿ ಮುಗಿದ ಮೇಲೆ ಸೀಳನ್ನೆಲ್ಲ ಗೋಡೆಯ ಪಕ್ಕ ಒಟ್ಟಿ, ಬೆವರು ಒರೆಸಿಕೊಂಡು ಜಗಲಿಗೆ ಬಂದೆ.

ಗೌಡರು ಕೂತಲ್ಲಿಂದಲೇ ಕತ್ತು ವಾಲಿಸಿ ನೋಡಿದರು. "ಆ ಕೊನೇ ಸಾಲು ವಾಲೈತೆ," ಅಂದರು.

ನಿಜವಾಗಿಯೂ ವಾಲಿತ್ತು. ಮತ್ತೆ ಹೋದೆ, ಕೆಡವಿದೆ, ನೇರವಾಗಿ ಒಟ್ಟಿ ಬಂದು ಕೂತೆ. ಆಗ ಮಾತಾಡಿದೆ.

"ಗೌಡ್ರೇ, ನನ್ನ ಮಗಳು ಯಾರಿಗೂ ನಿಶ್ಚಯ ಆಗಿಲ್ಲ. ನಮ್ಮ ಮನೆ ಹತ್ರ ಇರೋದು ಮದುವೆ ಸೌದೆ ಅಲ್ಲ. ನನಗೆ ಸಿಟ್ಟು ಜಾಸ್ತಿ. ಬಂದಾಗೆಲ್ಲ ಹೀಗೇ ಒಡೆದು ಒಟ್ಟಿದ್ದೀನಿ. ನಮ್ಮ ಬಾಮೈದ ನನ್ನನ್ನ ಹಸು ಅಂದಿದ್ದು ಸುಳ್ಳು. ಎರಡು ವರ್ಷದ ಹಿಂದೆ ಹೆಣ್ಣು ನೋಡೋಕೆ ಬಂದವರ ಮೇಲೆ ತಟ್ಟೆ ಎಸೆದೆ. ಅದರ ಕಷ್ಟ ನನ್ನ ಮಗಳು ಅನುಭವಿಸಿದಳು. ಈಗ ನೀವಂದ ಮಾತಿಗೂ ಸಿಟ್ಟು ಬಂತು. ಅದು ಅಲ್ಲಿದೆ, ಗೋಡೆ ಪಕ್ಕ. ನನ್ನ ಮಗಳ ವಿಷಯದಲ್ಲಿ ಲಾಭ, ಅರ್ಜಿ ಅನ್ನಬೇಡಿ."

ಆಮೇಲೆ ಹಾಲಪ್ಪನ ಕಥೆ, ಗುರಾಣಿಯ ಕಥೆ, ಎಡಗಡೆ ನಿಂತವನ ಕಥೆ, ಎಲ್ಲವನ್ನೂ ಹೇಳಿದೆ. ಮಹದೇವ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ.

ಗೌಡರು ಎಲೆ ಅಡಿಕೆ ಉಗಿದು ಬಂದು ಕೂತರು. "ತಟ್ಟೆ ಇಸ್ಯ ನಮ್ಗೆ ಆವತ್ತೇ ಬಂತು ಲಾಯರ್ರೇ. ಪುಟ್ಸಾಮಿ ಅಸ ಅಂತ ಏಳ್ತಿದ್ರೆ ನಾವೆಲ್ಲಾ ಬಾಯಿಗೆ ಟವಲ್ ಅಡ್ಡ ಇಟ್ಕೊಂಡು ನಕ್ಕಿದ್ದೇ ನಕ್ಕಿದ್ದು."

ಪುಟ್ಟಸ್ವಾಮಿ ಚೊಂಬಿನೊಳಗೆ ನೋಡತೊಡಗಿದ.

"ಕ್ವಾಪದ ಮನ್ಸ ಅಂತ ಗೊತ್ತಿದ್ದೇ ಒಪ್ಕೊಂಡಿದ್ವಿ," ಎಂದು ಗೌಡರು ಮುಂದುವರಿಸಿದರು. "ಮಾತು ತಪ್ಪೋ ಮನ್ಸ ಅಂತ ಗೊತ್ತಿರ್ನಿಲ್ಲ. ಅದು ಕೇಳಿ ಒಟ್ಟೆ ಉರೀತು, ಅಂಗಂದೆ. ಎಣ್ಮಗಳ ಇಸ್ಯದಲ್ಲಿ ಅಂಗೆ ಅನ್ಬಾರ್ದಾಗಿತ್ತು, ತಪ್ಪಾಯ್ತು." ಗೋಡೆ ಪಕ್ಕದ ಸೌದೆಯ ಕಡೆ ಕೈ ತೋರಿಸಿ ಅಂದರು, "ನಮ್ಮ ಗರಡೀಲೂ ಇಂಗೇಯ. ಕುಸ್ತಿ ಆಡ್ತಾ ಕ್ವಾಪ ಮಾಡ್ಕಂಡೋನ ಕೈಗೆ ವಸ್ತಾದ್ರು ಸನಿಕೆ ಕೊಡೋರು. ಅಖಾಡದ ಮಣ್ಣೆಲ್ಲಾ ಅಗ್ದು, ಸಮ ಮಾಡಿ, ಆಮೇಲೇ ಜೋಡಿ ಕಟ್ಟೋದು. ನಾನು ಅಗ್ದಿರೋ ಮಣ್ಣಲ್ಲಿ ಒಂದು ಕಟ್ಟೆ ಕಟ್ಬೋದಿತ್ತು. ಅದ್ಯಾವ ದೇಸ ಅಂದ್ರಿ?"

"ನಾರ್ವೆ."

"ಅಲ್ಲೂ ಗರಡಿ ಐತಾ?"

"ಇರಬೇಕು," ಅಂದೆ.

ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಇಷ್ಟು ಹೊತ್ತು ಕೊಡುವುದೋ ಬೇಡವೋ ಎಂದು ಬಾಗಿಲ ಹಿಂದೆ ಹಿಡಿದುಕೊಂಡೇ ನಿಂತಿದ್ದರೆಂದು ಕಾಣುತ್ತದೆ, ಪೂರಾ ಆರಿಹೋಗಿತ್ತು. ಕುಡಿದೆ. ಅಷ್ಟು ರುಚಿಯಾದ ಕಾಫಿಯನ್ನು ನಾನು ಕುಡಿದದ್ದು ಕಮ್ಮಿ.

ಶುಕ್ರವಾರ ಅವರು ಬಂದರು. ವೈಶಾಖದಲ್ಲಿ ಮದುವೆಯಾಯಿತು. ಮಾದಪ್ಪ ಲೆಕ್ಕ ಹಾಕಿದ್ದು ಸರಿಯಾಗಿತ್ತು, ಎಲ್ಲ ಊಟವೂ ಆ ಸೌದೆಯಲ್ಲೇ ಆಯಿತು. "ಈ ಸೌದೇಲಿ ಕಾವು ಜಾಸ್ತಿ ಕಣ್ರಪ್ಪಾ" ಎಂದು ಗೊಣಗುತ್ತ ಅವನು ಕೊಪ್ಪರಿಗೆಯ ಕೆಳಗಿನ ಸೀಳುಗಳನ್ನು ಹಿಂದಕ್ಕೆ ಎಳೆಯುತ್ತಲೇ ಇದ್ದ. ಹಾಲಪ್ಪ ಪಂಚೆ ಉಟ್ಟು ಬಂದು, ಪಂಚೆ ಕಳಚದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹೋಳಿಗೆ ಊಟ ಮಾಡಿದ. ಚಿಕ್ಕೇಗೌಡರು ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳುವಂತೆ, "ಉಣ್ಣಿ, ಉಣ್ಣಿ, ಎಲ್ಲಾ ನಮ್ಮ ಬೀಗ್ರ ವಾಯಿದೆ ಮ್ಯಾಲೆ ಬೆಂದಿರಾದು" ಅಂದರು. ಸುಶೀಲ ಧಾರೆ ಸೀರೆಯಲ್ಲಿ ಬಗ್ಗಿ ಬಗ್ಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎರಡು ವರ್ಷವಾಗಿತ್ತು.

ಸಿಟ್ಟು ಬಿಡಿ, ಸಿಟ್ಟು ಬಿಡಿ ಎಂದು ಹೇಳುವವರು ಊರಿಗೆ ಹತ್ತು ಜನ ಇದ್ದಾರೆ. ಬಿಟ್ಟು ಎಲ್ಲಿಡಬೇಕು ಎಂದು ಅವರು ಹೇಳುವುದಿಲ್ಲ. ನನ್ನ ಮಟ್ಟಿಗೆ ಸಿಟ್ಟು ಪೂರಾ ಬೇಡವಾದ ವಸ್ತುವೇನಲ್ಲ. ಸಿಟ್ಟೇ ಇಲ್ಲದ ತಂದೆಯಾಗಿದ್ದರೆ ಆವತ್ತು ಸ್ಕೂಟರ್ ಬುಕ್ ಮಾಡಿಸಿ, ಮಗಳ ಬಣ್ಣಕ್ಕೆ ಕ್ಷಮೆಯನ್ನೂ ಕೇಳಿಬಿಡುತ್ತಿದ್ದೆ. ಹಾಗಂತ ಈಗ ನಾನೇನು ಸಾಧುವಾಗಿಲ್ಲ. ಮದುವೆ ಮುಗಿದ ಮೇಲೆ ಖಾಲಿಯಾಗಿದ್ದ ಜಾಗದಲ್ಲಿ ಹೊಸ ಸಾಲು ಆಗಲೇ ಮೊಣಕಾಲೆತ್ತರ ಬಂದಿದೆ. (ಬೇಸಿಗೆ ರಜೆ ಮುಗಿದು ಕೋರ್ಟು ತೆರೆದಿದೆ.)

ಈಗ ಆಷಾಢ. ಹೊಸ ಮದುಮಗಳು ಈ ತಿಂಗಳು ಗಂಡನ ಮನೆಯಲ್ಲಿ ಇರುವ ಹಾಗಿಲ್ಲವಲ್ಲ, ಸುಶೀಲ ನಮ್ಮಲ್ಲಿಗೆ ಬಂದಿದ್ದಾಳೆ. ಮೊನ್ನೆ ಭಾನುವಾರ ಚಿಕ್ಕೇಗೌಡರು ಒಂದು ಹಲಸಿನ ಹಣ್ಣು ಹೊತ್ತುಕೊಂಡು, ಜಿಟಿ ಜಿಟಿ ಮಳೆಯಲ್ಲಿ ಬಂದರು. ಹಣ್ಣು ಇಳಿಸಿ, ತಲೆ ಒರೆಸಿಕೊಂಡು, ಗಂಭೀರವಾಗಿ ಕೂತರು.

"ಬೀಗ್ರೇ, ನಿಮ್ಮಿಂದ ನಮ್ಮನೆ ಕೆಡ್ತು," ಅಂದರು.

"ಏನಾಯ್ತು?"

"ನಿಮ್ಮಳಿಯ. ಉಟ್ಟಿದಾಗಿಂದ ಒಂದಿನ ದನಿ ಎತ್ತಿದೋನಲ್ಲ. ಎಣ್ಣು ಇಲ್ಲಿಗೆ ಬಂದಾಗಿಂದ ಒಂದೇ ಸಮ್ಕೆ ಸೌದೆ ಒಡೀತಾವ್ನೆ. ಯಾಕ್ಲಾ ಅಂದ್ರೆ ಮಾತಾಡಾಕಿಲ್ಲ. ಕೊಟ್ಟಿಗೆ ತುಂಬೋಯ್ತು, ದನ ಜಗಲಿ ಮ್ಯಾಲೆ ಕಟ್ಟಿವ್ನಿ. ಬೀದಿಗೆ ಕಾಣಂಗೆ ಒಟ್ಟವ್ನೆ. ಊರೋರು ಬಂದು, ಕಿರೀ ಮಗನ್ಗೂ ಎಣ್ಣು ಗೊತ್ತಾಯ್ತಾ ಗೌಡ್ರೇ ಅಂತಾರೆ. ಅವನ್ಗಿನ್ನೂ ಮೀಸೆ ಬಂದಿಲ್ಲ."

ನಾನು, ಜಯಮ್ಮ ನಕ್ಕೂ ನಕ್ಕೂ ಸುಸ್ತಾದೆವು. ಗೌಡರೂ ಕೊನೆಗೆ ನಕ್ಕರು. ನಗು ನಿಂತಾಗ ಹಿತ್ತಿಲಿನಿಂದ ಠಪ್ ಎಂದು ಒಂದು ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಎದ್ದು ಹೋಗಿ ನೋಡಿದೆ. ಸೂರಿನ ಕೆಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಶೀಲ ನನ್ನ ಕೊಡಲಿ ಹಿಡಿದಿದ್ದಳು. ಪಕ್ಕದಲ್ಲಿ ಅವಳು ಒಟ್ಟಿದ ಸಾಲು ನನ್ನದಕ್ಕಿಂತ ನೇರವಾಗಿತ್ತು. ಅದು ಆವತ್ತೊಂದೇ ದಿನದ ಕೆಲಸವೂ ಆಗಿರಲಿಲ್ಲ.

ಒಳಗೆ ಬಂದು ಜಯಮ್ಮನನ್ನು ಮೆಲ್ಲಗೆ ಕೇಳಿದೆ, "ಇವಳಿಗೆ ಯಾರ ಮೇಲೆ ಸಿಟ್ಟು?"

"ಪಂಚಾಂಗದ ಮ್ಯಾಲೆ," ಅಂದಳು.

ಆಷಾಢ ಮುಗಿಯಲು ಇನ್ನೂ ಅರ್ಧ ತಿಂಗಳಿದೆ. ನಿಮ್ಮಲ್ಲಿ ಯಾರಿಗಾದರೂ ಸೌದೆ ಬೇಕೇ?